ನಿಂತೇ ಇರುವ ಕಾರಿನ ಬ್ಯಾಟರಿ: ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದರೆ ಸಾಕಾ?

ಹೊಸರೋಡ್ ಸುಮಾ

ಎಲ್ಲರಿಗೂ ನಮಸ್ಕಾರ. ನನ್ನದು 2019ರ ವ್ಯಾಗನ್‌ಆರ್, ಪೆಟ್ರೋಲ್, ಗೇರ್ ಗಾಡಿ. ಮನೆ ಬೆಂಗಳೂರಿನ ಹೊಸ ರೋಡ್ ಹತ್ತಿರ, ಆಫೀಸು ಜಯನಗರದಲ್ಲಿ. ಮುಂಚೆ ದಿನಾ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಕೂತು ಹೋಗಿ ಬರುತ್ತಿದ್ದೆ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾಯಿತಲ್ಲ, ಅಲ್ಲಿಂದ ಕಾರಿನ ಕೀ ಮುಟ್ಟುವುದೇ ಅಪರೂಪ. ತಿಂಗಳಿಗೊಮ್ಮೆ, ಕೆಲವು ಸಲ ಎರಡು ತಿಂಗಳಿಗೊಮ್ಮೆ ತಿಪಟೂರಿಗೆ ಅಪ್ಪ ಅಮ್ಮನನ್ನು ನೋಡಲು ಹೋಗುವಾಗ ಮಾತ್ರ ಕಾರು ಬೇಕು.

ಕಳೆದ ಸಲ ಬ್ಯಾಗೆಲ್ಲ ತಂದು ಬೇಸ್‌ಮೆಂಟಿಗೆ ಇಳಿದರೆ ರಿಮೋಟ್‌ಗೆ ಕಾರು ಸದ್ದೇ ಮಾಡಲಿಲ್ಲ. ಕೀ ಹಾಕಿ ಬಾಗಿಲು ತೆಗೆದೆ. ಸೆಲ್ಫ್ ಹೊಡೆದರೆ ಬರೀ ಟಕ್ ಟಕ್ ಟಕ್. ಮೀಟರ್ ಬೋರ್ಡಿನ ಲೈಟುಗಳೆಲ್ಲ ಒಮ್ಮೆ ಮಿಣುಕಿ ಸತ್ತು ಹೋದವು. ತಳ್ಳಿ ಸ್ಟಾರ್ಟ್ ಮಾಡೋಣ ಅಂದರೆ ಎರಡನೇ ಬೇಸ್‌ಮೆಂಟು, ಎದುರಿಗೆ ಏರು. ಇನ್ಶೂರೆನ್ಸ್‌ನ ರೋಡ್ ಸೈಡ್ ಅಸಿಸ್ಟೆನ್ಸ್ ಹುಡುಗ ಬಂದು ಬೇರೆ ಬ್ಯಾಟರಿಯಿಂದ ಜಂಪ್ ಕೊಟ್ಟು ಸ್ಟಾರ್ಟ್ ಮಾಡಿಸಿದ. ಹೊರಗೆ ಬಂದು ಹತ್ತಿರದ ಒಂದು ಬ್ಯಾಟರಿ ಅಂಗಡಿಗೆ ತೋರಿಸಿದರೆ, ಬಾನೆಟ್ ತೆಗೆದು ಒಮ್ಮೆ ನೋಡಿ "ಇದು ಹೋಯ್ತು ಮೇಡಂ, ಹೊಸದು ಹಾಕಿಸಿ" ಅಂದರು. ಯಾವ ಮೀಟರೂ ಇಡಲಿಲ್ಲ. ಬ್ಯಾಟರಿಗೆ ಇನ್ನೂ ಎರಡು ವರ್ಷ ಕೂಡ ಸರಿಯಾಗಿ ಆಗಿಲ್ಲ. 35 ಎಎಚ್‌ದು (ಆಂಪ್ ಅವರ್, ಅಂದರೆ ಎಷ್ಟು ಆಂಪ್ ಎಷ್ಟು ಗಂಟೆ ಕೊಡಬಲ್ಲದು ಅನ್ನುವ ಅಳತೆ). ಹಾಕಿಸಲಿಲ್ಲ, ಹಾಗೇ ಊರಿಗೆ ಹೋಗಿ ಬಂದೆ.

ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಪ್ಪ ಫೋನಿನಲ್ಲಿ, "ಒಂದು ವೈರ್ ಬಿಚ್ಚಿಡು ಮಗಳೇ." ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಅಂಕಲ್, "ಭಾನುವಾರ ಭಾನುವಾರ ಹತ್ತು ನಿಮಿಷ ಆನ್ ಮಾಡಿ ಬಿಡಮ್ಮ, ಕೀ ಕೊಟ್ಟರೆ ನಾನೇ ಮಾಡ್ತೀನಿ." ಆಫೀಸಿನವನೊಬ್ಬ ಸೋಲಾರ್ ಪ್ಯಾನೆಲ್ ಇಡು ಅಂದ. ಎರಡನೇ ಬೇಸ್‌ಮೆಂಟಿನಲ್ಲಿ ಸೂರ್ಯ ಎಲ್ಲಿಂದ ಬರಬೇಕು! ಚಾರ್ಜರ್ ಹಾಕೋಣ ಅಂದರೆ ನನ್ನ ಪಾರ್ಕಿಂಗ್ ಹತ್ತಿರ ಪ್ಲಗ್ ಪಾಯಿಂಟ್ ಇಲ್ಲ. ಇರುವುದೊಂದು ಲಿಫ್ಟ್ ಪಕ್ಕ, ಅದಕ್ಕೆ ಅಸೋಸಿಯೇಷನ್ ಬೀಗ.

ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕಾ? ವೈರ್ ಬಿಚ್ಚಿದರೆ ಕಾರಿನ ಕಂಪ್ಯೂಟರಿಗೆ ಏನಾದರೂ ಆಗುತ್ತದಾ? ಕಾರಿಗೆ ಎಕ್ಸ್‌ಟ್ರಾ ಅಂತ ಏನೂ ಹಾಕಿಸಿಲ್ಲ, ಒಂದು ಡ್ಯಾಶ್‌ಕ್ಯಾಮ್ ಬಿಟ್ಟರೆ.

ಕೋಟೇಶ್ವರದ ಡ್ರೈವರ್

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಅಕ್ಕಾ. ಸೆಕ್ಯುರಿಟಿ ಅಂಕಲ್ ಹೇಳಿದ್ದೇ ಸರಿ. ನಮ್ಮನೆಯಲ್ಲಿ ಹಳೇ ಮಾರುತಿ 800 ಇದೆ. ಅಪ್ಪ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹದಿನೈದು ನಿಮಿಷ ಅಂಗಳದಲ್ಲೇ ಬಿಡುತ್ತಾರೆ. ಯಾವತ್ತೂ ಕೈ ಕೊಟ್ಟಿಲ್ಲ.

ಪಿ.ಬಿ. ರೋಡ್ ಬ್ಯಾಟರಿ

ಮೇಡಂ, ನಂದು ದಾವಣಗೆರೆಯಲ್ಲಿ ಬ್ಯಾಟರಿ ಅಂಗಡಿ. ಲಾರಿ, ಟ್ರ್ಯಾಕ್ಟರ್, ಯುಪಿಎಸ್ ಬ್ಯಾಟರಿಗಳೇ ಜಾಸ್ತಿ. ಕೊರೋನಾ ಕಾಲದಿಂದ ಈಚೆಗೆ ನಿಂತ ಕಾರುಗಳದ್ದೂ ಬರುತ್ತಿವೆ. ಹೊಸ ಬ್ಯಾಟರಿ ಮಾರಿದರೆ ನಮ್ಮಂಥವರಿಗೇ ಲಾಭ, ಆದರೂ ಹೇಳುತ್ತೇನೆ. ಮೊದಲು ಅಳೆಯಿರಿ, ಆಮೇಲೆ ದುಡ್ಡು ಬಿಚ್ಚಿ. ಬ್ಯಾಟರಿಯ ಮುಖ ನೋಡಿ "ಹೋಯ್ತು" ಅನ್ನಲು ಯಾರಿಂದಲೂ ಆಗುವುದಿಲ್ಲ.

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಡಿಜಿಟಲ್ ಮಲ್ಟಿಮೀಟರ್ ಸಿಗುತ್ತದೆ. ತಗೊಳ್ಳಿ. 20 ಡಿಸಿ ವೋಲ್ಟ್‌ಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಕಾರು ರಾತ್ರಿಯಿಡೀ ನಿಂತಿರಬೇಕು. ಆಗ ತಾನೇ ಓಡಿಸಿ ಬಂದು ನೋಡಿದರೆ ಮೀಟರ್ ಸುಳ್ಳು ಹೇಳುತ್ತದೆ, ಮೇಲು ಮೇಲಿನ ಚಾರ್ಜ್ ತೋರಿಸುತ್ತದೆ. ಬೆಳಿಗ್ಗೆ ಬಾನೆಟ್ ತೆಗೆದು, ಬಾಗಿಲು ಮುಚ್ಚಿ, ಐದು ನಿಮಿಷ ಬಿಟ್ಟು ನೋಡಿ. 12.6 ಅಥವಾ 12.7 ಬಂದರೆ ಫುಲ್. 12.4 ಬಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12 ಅಂದರೆ ಕಾಲು ಭಾಗ ಉಳಿದಿದೆ, ಅಷ್ಟೇ. ಬಹಳ ಜನ "12 ವೋಲ್ಟ್ ಬ್ಯಾಟರಿ, 12 ತೋರಿಸ್ತಿದೆ, ಸರಿ ಇದೆಯಲ್ಲ" ಅಂತ ಜಗಳಕ್ಕೆ ಬರುತ್ತಾರೆ. ಸರಿ ಇಲ್ಲ ಸ್ವಾಮಿ. ಒಳಗೆ ಆರು ಸೆಲ್ ಇವೆ, ಒಂದೊಂದೂ ಸುಮಾರು 2.1. ಆರೂ ಸೇರಿದರೆ 12.6. ಚಾರ್ಜ್ ಮಾಡಿ ಇಟ್ಟರೂ 10.5ರ ಹತ್ತಿರವೇ ನಿಂತರೆ ಒಂದು ಸೆಲ್ ಸತ್ತಿದೆ ಅಂತ. ಅದನ್ನು ಯಾರೂ ಬದುಕಿಸಲಾರರು.

ಆಮೇಲೆ ಗಾಡಿ ಸ್ಟಾರ್ಟ್ ಮಾಡಿ ಅದೇ ಜಾಗದಲ್ಲಿ ನೋಡಿ. 13.8ರಿಂದ 14.5ರೊಳಗೆ ಇರಬೇಕು. ಇದ್ದರೆ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಯಂತ್ರ, ಕೆಲಸ ಮಾಡುತ್ತಿದೆ. ನಮ್ಮ ಕಡೆ ಇನ್ನೂ ಡೈನಮೋ ಅಂತಲೇ ಕರೆಯುತ್ತಾರೆ.

ಈಗ ಹತ್ತು ನಿಮಿಷದ ಲೆಕ್ಕಕ್ಕೆ ಬರೋಣ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ.

ಕಾರು ಲಾಕ್ ಆಗಿ ನಿಂತಾಗಲೂ ಕರೆಂಟ್ ತಿನ್ನುತ್ತಲೇ ಇರುತ್ತದೆ. ರಿಮೋಟ್ ರಿಸೀವರ್, ಗಡಿಯಾರ, ಕಂಪ್ಯೂಟರಿನ ನೆನಪು. ಏನೂ ಎಕ್ಸ್‌ಟ್ರಾ ಇಲ್ಲದ ಕಾರಿಗೆ 20ರಿಂದ 50 ಮಿಲಿ ಆಂಪ್ ಸಾಮಾನ್ಯ. 30 ಅಂತ ಹಿಡಿಯಿರಿ. ವಾರಕ್ಕೆ 168 ಗಂಟೆ, ಅಂದರೆ 5 ಎಎಚ್ ಹೋಯಿತು. ಭಾನುವಾರ ಹತ್ತು ನಿಮಿಷ ಐಡಲ್‌ನಲ್ಲಿ, ಅಂದರೆ ನಿಂತಲ್ಲೇ ಆಕ್ಸಿಲರೇಟರ್ ಒತ್ತದೆ, ಬಿಟ್ಟಿರಿ. ಐಡಲ್‌ನಲ್ಲಿ ಆಲ್ಟರ್ನೇಟರ್ ಅರೆಹೊಟ್ಟೆ ಕೆಲಸ ಮಾಡುತ್ತದೆ, ಅದರಲ್ಲೂ ಕಾರಿನೊಳಗಿನ ಪೆಟ್ರೋಲ್ ಪಂಪು, ರೇಡಿಯೇಟರ್ ಫ್ಯಾನು ತಮ್ಮ ಪಾಲು ತಗೊಳ್ಳುತ್ತವೆ. ಹೋಗಲಿ, ಬ್ಯಾಟರಿಗೆ 10 ಆಂಪ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಹತ್ತು ನಿಮಿಷಕ್ಕೆ 1.7 ಎಎಚ್ ಕೂಡ ಆಗುವುದಿಲ್ಲ. ಹೋಗಿದ್ದು 5, ಬಂದಿದ್ದು ಒಂದೂವರೆ ಚಿಲ್ಲರೆ. ವಾರ ವಾರ ಸಾಲ ಏರುತ್ತಲೇ ಹೋಗುತ್ತದೆ.

"ಸೆಲ್ಫ್ ಹೊಡೆಯುವುದಕ್ಕೇ ಎಲ್ಲ ಚಾರ್ಜ್ ಖಾಲಿ" ಅಂತ ಒಂದು ಮಾತಿದೆ, ಅದು ಸರಿಯಲ್ಲ. ಸಣ್ಣ ಪೆಟ್ರೋಲ್ ಕಾರು ಒಂದೆರಡು ಸೆಕೆಂಡಿನಲ್ಲಿ ಸ್ಟಾರ್ಟ್ ಆಗುತ್ತದೆ. ಆಂಪ್ ಜಾಸ್ತಿ, ಹೊತ್ತು ಕಮ್ಮಿ. ಒಟ್ಟು ಲೆಕ್ಕದಲ್ಲಿ ಅದು ಏನೂ ಅಲ್ಲ. ತೊಂದರೆ ಇರುವುದು ತುಂಬಿಸುವುದರಲ್ಲಿ. ಬ್ಯಾಟರಿ ತುಂಬುವುದು ಜಾತ್ರೆ ಬಸ್ ತುಂಬಿದ ಹಾಗೆ. ಮೊದಲು ನಲವತ್ತು ಜನ ನುಗ್ಗಿ ಹತ್ತುತ್ತಾರೆ, ಕೊನೆಯ ಹತ್ತು ಜನ ಒಬ್ಬೊಬ್ಬರೇ ತೂರಿಕೊಳ್ಳಬೇಕು. 80 ಪರ್ಸೆಂಟ್ ಬೇಗ ಏರುತ್ತದೆ, ಉಳಿದ 20ಕ್ಕೆ ಗಂಟೆಗಟ್ಟಲೆ ಬೇಕು. ಆ ಕೊನೆಯ ಭಾಗ ಯಾವತ್ತೂ ತುಂಬದೇ ಇದ್ದರೆ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಹರಳು ಕಟ್ಟಿ ಗಟ್ಟಿಯಾಗುತ್ತದೆ. ನಾವು ಸಲ್ಫೇಟ್ ಹಿಡಿದಿದೆ ಅನ್ನುತ್ತೇವೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಅಷ್ಟು ಭಾಗ ವಾಪಸ್ ಬರುವುದಿಲ್ಲ. 35 ಎಎಚ್ ಬ್ಯಾಟರಿ 20 ಎಎಚ್ ಆಗಿಬಿಡುತ್ತದೆ, ಮೇಲಿನ ಸ್ಟಿಕ್ಕರ್ ಮಾತ್ರ 35 ಅಂತಲೇ ಇರುತ್ತದೆ.

ಇನ್ನೊಂದು. ಬೇಸ್‌ಮೆಂಟಿನಲ್ಲಿ ಗಾಡಿ ಆನ್ ಮಾಡಿ ಬಿಡುವುದು ಬೇಡವೇ ಬೇಡ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ವಾಸನೆ ಬರುವುದಿಲ್ಲ. ಆ ಅಂಕಲ್ ಪಾಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ.

ಓಡಿಸುವುದಾದರೆ ಓಡಿಸಿ. ವಾರ ಹತ್ತು ದಿನಕ್ಕೊಮ್ಮೆ ಮುಕ್ಕಾಲು ಗಂಟೆ, ಜಾಮ್ ಇಲ್ಲದ ರಸ್ತೆಯಲ್ಲಿ. ನಿಮಗೆ ಹೊಸೂರು ರಸ್ತೆ ಇದೆಯಲ್ಲ, ಭಾನುವಾರ ಬೆಳಿಗ್ಗೆ ಬೇಗ ಎದ್ದು ಅತ್ತಿಬೆಲೆ ಕಡೆ ಹೋಗಿ ಬನ್ನಿ. ಟೋಲ್ ಬರುವ ಮುಂಚೆ ತಿರುಗಿಸಿಕೊಂಡರೆ ಆಯಿತು. ಟೈರು, ಬ್ರೇಕು, ಎಸಿ ಎಲ್ಲಕ್ಕೂ ಒಳ್ಳೆಯದು. ಅದೂ ಆಗದು ಅಂದರೆ ನಿಮ್ಮ ತಂದೆಯವರು ಹೇಳಿದ್ದೇ ಸರಿ, ವೈರ್ ಬಿಚ್ಚಿಡಿ.

ಕೋಟೇಶ್ವರದ ತಮ್ಮಾ, ನಿಮ್ಮ 800 ಹಳೇ ಕಾರ್ಬೊರೇಟರ್ ಗಾಡಿ ಇರಬೇಕು. ಅದರಲ್ಲಿ ನಿಂತಾಗ ಕರೆಂಟ್ ತಿನ್ನಲು ಗಡಿಯಾರ ಬಿಟ್ಟರೆ ಏನಿದೆ? ಅದು ಬದುಕಿರುವುದು ಹದಿನೈದು ನಿಮಿಷದ ಪುಣ್ಯದಿಂದ ಅಲ್ಲ.

ಮೇಡಂ, ಕೊನೆಗೆ ಒಂದು ಪ್ರಶ್ನೆ. ಆ ಡ್ಯಾಶ್‌ಕ್ಯಾಮ್‌ನ ವೈರ್ ಎಲ್ಲಿಗೆ ಹೋಗಿದೆ? ಸಿಗರೇಟ್ ಲೈಟರ್ ಸಾಕೆಟ್ಟಿಗಾ, ಫ್ಯೂಸ್ ಬಾಕ್ಸಿಗಾ?

ಹೊಸರೋಡ್ ಸುಮಾ

ಸಾರ್, ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಮೀಟರ್ ತಂದೆ. ಊರಿಂದ ಬಂದ ಮೇಲೆ ಸೋಮವಾರ ಬೆಳಿಗ್ಗೆ ನೋಡಿದಾಗ 12.55 ಇತ್ತು. ಸ್ಟಾರ್ಟ್ ಮಾಡಿದಾಗ 14.2. ಪರವಾಗಿಲ್ಲ ಅಲ್ವಾ ಅಂದುಕೊಂಡೆ. ಬುಧವಾರ ಮತ್ತೆ ನೋಡಿದರೆ 12.2! ಗಾಡಿ ಜಾಗ ಬಿಟ್ಟು ಅಲುಗಿಲ್ಲ.

ನೀವು ಕೇಳಿದ್ದಕ್ಕೆ ರಾತ್ರಿ ಊಟ ಆದ ಮೇಲೆ ಕೆಳಗೆ ಹೋಗಿ ನೋಡಿದೆ. ಬೇಸ್‌ಮೆಂಟಿನ ಲೈಟ್ ಸೆನ್ಸರ್‌ದು, ಯಾರೂ ಓಡಾಡದಿದ್ದರೆ ಆರಿಹೋಗುತ್ತದೆ. ಆರಿದ ಮೇಲೆ ಗಾಜಿನ ಹಿಂದೆ ಡ್ಯಾಶ್‌ಕ್ಯಾಮ್‌ನ ನೀಲಿ ಚುಕ್ಕಿ ಕಾಣಿಸಿತು. ಕಾರು ಲಾಕ್ ಆಗಿದೆ, ಕೀ ನನ್ನ ಕೈಯಲ್ಲಿದೆ, ಅದು ಮಾತ್ರ ಮಿಣುಕುತ್ತಿದೆ. ವೈರ್ ಗಾಜಿನ ಅಂಚಿನ ರಬ್ಬರ್ ಒಳಗಿಂದ ಇಳಿದು ಸ್ಟೇರಿಂಗ್ ಕೆಳಗಿನ ಫ್ಯೂಸ್ ಬಾಕ್ಸ್ ಕಡೆ ಹೋಗಿದೆ. ಹಾಕಿದವರು "ವೈರ್ ಕಾಣದ ಹಾಗೆ ನೀಟಾಗಿ ಮಾಡಿದ್ದೀವಿ" ಅಂದಿದ್ದರು. ನೀಟಾಗೇ ಇದೆ.

ಪಿ.ಬಿ. ರೋಡ್ ಬ್ಯಾಟರಿ

ಕಳ್ಳ ಸಿಕ್ಕ.

ಅದಕ್ಕೆ ಪಾರ್ಕಿಂಗ್ ಮೋಡ್ ಅಂತಾರೆ. ಕಾರು ನಿಂತಾಗ ಯಾರಾದರೂ ಗುದ್ದಿದರೆ ರೆಕಾರ್ಡ್ ಆಗಲಿ ಅಂತ. ರಸ್ತೆ ಬದಿ ನಿಲ್ಲಿಸುವವರಿಗೆ ಉಪಯೋಗ ಇದೆ. ಬೀಗ ಹಾಕಿದ ಬೇಸ್‌ಮೆಂಟಿನಲ್ಲಿ ಅದು ನೋಡುತ್ತಿರುವುದು ಎದುರಿನ ಕಂಬ ಒಂದನ್ನೇ. ಇಂಥ ಕ್ಯಾಮೆರಾ ಕಾಲು ಆಂಪ್ ತಿನ್ನುವುದು ಸಾಮಾನ್ಯ. ಕಾಲು ಆಂಪ್ ಅಂದರೆ ದಿನಕ್ಕೆ 6 ಎಎಚ್. ಫುಲ್ ಇರುವ 35 ಎಎಚ್ ಬ್ಯಾಟರಿಯೂ ವಾರ ತುಂಬುವ ಮೊದಲೇ ಮಲಗುತ್ತದೆ. ನಿಮ್ಮದು ತಿಂಗಳುಗಟ್ಟಲೆ ನಿಂತಿದೆ. ಬೇರೇನೂ ಕಾರಣ ಹುಡುಕಬೇಕಾಗಿಲ್ಲ.

ವೈರ್ ಹಾಕುವ ಕಿಟ್‌ನಲ್ಲಿ ಸಾಮಾನ್ಯವಾಗಿ ಮೂರು ವೈರ್ ಇರುತ್ತವೆ. ಕಪ್ಪು, ಕಾರಿನ ಬಾಡಿಯ ಲೋಹಕ್ಕೆ. ಕೆಂಪು, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ. ಹಳದಿ, ಸದಾ ಕರೆಂಟ್ ಇರುವ ಫ್ಯೂಸಿಗೆ. ಆ ಹಳದಿಯನ್ನು ತೆಗೆಸಿ ಕೆಂಪು ಇರುವ ಕಡೆಗೇ ಸೇರಿಸಿದರೆ ಪಾರ್ಕಿಂಗ್ ಮೋಡ್ ನಿಲ್ಲುತ್ತದೆ, ಓಡಿಸುವಾಗ ರೆಕಾರ್ಡಿಂಗ್ ಮೊದಲಿನ ಹಾಗೇ ಆಗುತ್ತದೆ. ಬಣ್ಣ ಕಂಪನಿಗೊಂದು ಥರ ಇರಬಹುದು, ಎಲೆಕ್ಟ್ರಿಷಿಯನ್ ಹತ್ತಿರ ಟೆಸ್ಟರ್ ಹಿಡಿಸಿ ನೋಡಿ. ಕೆಲವು ಕಿಟ್‌ಗಳಲ್ಲಿ ವೋಲ್ಟೇಜ್ ಇಳಿದರೆ ತಾನೇ ಕಟ್ ಆಗುವ ಸಣ್ಣ ಸ್ವಿಚ್ ಇರುತ್ತದೆ. ಅದನ್ನು 11.6ಕ್ಕೆ ಇಟ್ಟಿರುತ್ತಾರೆ. 11.6ಕ್ಕೆ ಕಟ್ ಆದರೆ ಏನು ಬಂತು? ಅಷ್ಟರಲ್ಲಿ ಬ್ಯಾಟರಿ ಖಾಲಿಯಾಗಿರುತ್ತದೆ. ಪಾರ್ಕಿಂಗ್ ಮೋಡ್ ಬೇಕೇ ಬೇಕು ಅನ್ನುವವರು ಅದನ್ನು 12.2 ಅಥವಾ 12.4ಕ್ಕೆ ಏರಿಸಿಕೊಳ್ಳಬೇಕು.

ಕ್ಯಾಮೆರಾ ತೆಗೆಸಿದ ಮೇಲೂ ಅನುಮಾನ ಇದ್ದರೆ ಕರೆಂಟ್ ಅಳೆಯಬಹುದು. ಮೈನಸ್ ಕೇಬಲ್ ಬಿಚ್ಚಿ, ಬ್ಯಾಟರಿಯ ಮೈನಸ್ ಕಂಬಕ್ಕೂ ಬಿಚ್ಚಿದ ಕೇಬಲ್‌ಗೂ ನಡುವೆ ಮೀಟರ್ ಬರಬೇಕು. ಕೆಂಪು ಕಡ್ಡಿಯನ್ನು ಮೀಟರಿನ 10 ಆಂಪ್ ತೂತಿಗೆ ಬದಲಾಯಿಸಿಕೊಳ್ಳಿ, ಇದನ್ನು ಮರೆಯುವವರೇ ಜಾಸ್ತಿ. ಗಾಜು ಇಳಿಸಿಟ್ಟಿರಿ, ಕೀ ಹೊರಗಿರಲಿ. ಅರ್ಧ ಗಂಟೆ ಸುಮ್ಮನೆ ಬಿಡಿ. ಮೊದಲು ಆಂಪ್ ಜಾಸ್ತಿ ತೋರಿಸುತ್ತದೆ, ಕಾರಿನ ಒಳಗಿನ ಪೆಟ್ಟಿಗೆಗಳೆಲ್ಲ ಒಂದೊಂದೇ ನಿದ್ದೆ ಹೋದ ಹಾಗೆ ಇಳಿಯುತ್ತದೆ. 0.05ರ ಕೆಳಗೆ ನಿಂತರೆ ನೆಮ್ಮದಿ. ಇಳಿಯದಿದ್ದರೆ ಒಂದೊಂದೇ ಫ್ಯೂಸ್ ಎಳೆಯುತ್ತಾ ಬನ್ನಿ, ಯಾವುದನ್ನು ಎಳೆದಾಗ ಬಿತ್ತೋ ಆ ಲೈನಿನಲ್ಲಿ ಕಳ್ಳ ಇದ್ದಾನೆ. ಮೀಟರ್ ಹೀಗೆ ಸಿಕ್ಕಿಸಿದಾಗ ಮಾತ್ರ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಟ್ಟು ಹೋಗುತ್ತದೆ.

ಈಗ ಬ್ಯಾಟರಿ ಬದಲಿಸಬೇಕಾ ಬೇಡವಾ? ಬಿಚ್ಚಿಸಿ ಒಳ್ಳೆ ಅಂಗಡಿಗೆ ಕೊಟ್ಟು ಸ್ಲೋ ಚಾರ್ಜ್ ಮಾಡಿಸಿ. ಎಎಚ್‌ನ ಹತ್ತನೇ ಒಂದು ಭಾಗ ಆಂಪ್, ಅಂದರೆ 35ಕ್ಕೆ ಮೂರೂವರೆ, ಹತ್ತು ಹನ್ನೆರಡು ಗಂಟೆ. "ಒಂದು ಗಂಟೇಲಿ ಕೊಡ್ತೀನಿ" ಅನ್ನುವವರ ಹತ್ತಿರ ಬೇಡ, ಬೂಸ್ಟ್ ಕೊಟ್ಟರೆ ಬ್ಯಾಟರಿ ಕಾಯುತ್ತದೆ, ನೀರು ಕುದಿಯುತ್ತದೆ, ಒಳಗೆ ತುಂಬುವುದಿಲ್ಲ. ಚಾರ್ಜ್ ಆದ ಮೇಲೆ ಒಂದು ರಾತ್ರಿ ಇಟ್ಟು ವೋಲ್ಟ್ ನೋಡಿ. ಆಮೇಲೆ ಲೋಡ್ ಟೆಸ್ಟ್ ಕೇಳಿ, ಅಂದರೆ ಬ್ಯಾಟರಿಯಿಂದ ಜಾಸ್ತಿ ಕರೆಂಟ್ ಎಳೆದು ವೋಲ್ಟ್ ನೋಡುವುದು. ಲೋಡ್ ಹಾಕಿದಾಗ 9.6ರ ಕೆಳಗೆ ಕುಸಿದರೆ ಬದಲಿಸಿ. ಇಲ್ಲದಿದ್ದರೆ ಇನ್ನೂ ಒಂದಷ್ಟು ಕಾಲ ನಡೆಯುತ್ತದೆ. ಅಷ್ಟು ಸಲ ಪೂರ್ತಿ ಖಾಲಿಯಾಗಿದ್ದರೆ ಪೆಟ್ಟಂತೂ ಬಿದ್ದಿರುತ್ತದೆ. ಹೊಸದರ ಹಾಗೆ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ವಾರಂಟಿ ಕಾರ್ಡ್ ಹುಡುಕಿಟ್ಟುಕೊಳ್ಳಿ.

ಕುವೆಂಪುನಗರ ಮೇಷ್ಟ್ರು

ಬ್ಯಾಟರಿ ಅಂಗಡಿಯವರು ಹೇಳಿದ್ದು ಅಕ್ಷರಶಃ ನಿಜ. ನಾನು ಮೈಸೂರಿನಲ್ಲಿರುವ ನಿವೃತ್ತ ಫಿಸಿಕ್ಸ್ ಮೇಷ್ಟ್ರು. ಸ್ವಂತ ಮನೆ, ಸ್ವಂತ ಶೆಡ್ಡು, ಗೋಡೆಯಲ್ಲೇ ಪ್ಲಗ್ಗು. ಹಾಗಾಗಿ ನನಗೆ ಕೆಲಸ ಸುಲಭ. ಮಗ ಸೊಸೆ ಬಂದಾಗ ಮಾತ್ರ ಕಾರು ಹೊರಗೆ ಬರುತ್ತದೆ.

ಸ್ಮಾರ್ಟ್ ಚಾರ್ಜರ್ ಬಳಸುತ್ತೇನೆ. ಅಂಗೈ ಅಗಲದ ಪೆಟ್ಟಿಗೆ. ಮೊದಲು 14.4ರವರೆಗೆ ಏರಿಸಿ, ಬ್ಯಾಟರಿ ತುಂಬಿದ ಮೇಲೆ ತಾನೇ 13.5ರ ಆಸುಪಾಸಿಗೆ ಇಳಿದು, ಸೋರಿದಷ್ಟನ್ನು ಮಾತ್ರ ತುಂಬಿಸುತ್ತಾ ಕೂರುತ್ತದೆ. ಇದೇ ಮುಖ್ಯ. ಹಳೇ ಕಾಲದ ಟ್ರಾನ್ಸ್‌ಫಾರ್ಮರ್ ಚಾರ್ಜರ್‌ಗಳಿಗೆ ಇಳಿಯುವುದು ಗೊತ್ತಿಲ್ಲ, ರಾತ್ರಿಯಿಡೀ ಬಿಟ್ಟರೆ ಆಸಿಡ್ ನೀರು ಆವಿ ಮಾಡಿಬಿಡುತ್ತವೆ. ಕೊಳ್ಳುವಾಗ ಆಟೋ ಕಟ್ ಅಥವಾ ಫ್ಲೋಟ್ (ತುಂಬಿದ ಮೇಲೆ ಹೀಗೆ ತಾನೇ ಇಳಿಯುವುದು) ಇದೆಯಾ ಅಂತ ಕೇಳಿ. ಕರೆಂಟ್ ಹೋಗಿ ಬಂದರೆ ತಾನೇ ಮತ್ತೆ ಶುರುವಾಗುತ್ತದಾ ಅಂತಲೂ ಕೇಳಿ. ಕೆಲವು ಚಾರ್ಜರ್‌ಗಳು ಬಟನ್ ಒತ್ತುವವರೆಗೆ ಸುಮ್ಮನೆ ಕೂತಿರುತ್ತವೆ. ನಮ್ಮ ಏರಿಯಾದಲ್ಲಿ ಮಳೆ ಬಂದರೆ ಕರೆಂಟ್ ಹೋಗಲೇಬೇಕು.

ಕ್ಲಿಪ್ಪು ದಿನಾ ಹಾಕಿ ತೆಗೆಯುವ ರಗಳೆ ಬೇಡ ಅಂತ ಚಾರ್ಜರ್ ಜೊತೆ ಬಂದ ರಿಂಗ್ ವೈರನ್ನು ಟರ್ಮಿನಲ್ ಬೋಲ್ಟಿಗೇ ಕಾಯಂ ಕೂರಿಸಿದ್ದೇನೆ. ಅದರ ತುದಿ ಗ್ರಿಲ್ ಒಳಗೆ ಸುತ್ತಿಟ್ಟಿದೆ, ಬಾನೆಟ್ ಎತ್ತದೆ ಕೈ ಹಾಕಿ ಸಿಕ್ಕಿಸಬಹುದು. ಆ ವೈರಿಗೆ ಫ್ಯೂಸ್ ಇರಲೇಬೇಕು.

ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನೇ ಆಫ್ ಆಗುವ ಹೊಸ ಕಾರುಗಳವರಿಗೆ ಒಂದು ಮಾತು. ಅದರ ಬ್ಯಾಟರಿ ಸಾಮಾನ್ಯವಾಗಿ ಎಜಿಎಂ ಅಥವಾ ಇಎಫ್‌ಬಿ ಅನ್ನುವ, ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಾಳುವ ಜಾತಿಯದು. ಎಜಿಎಂ ಆದರೆ ಅದಕ್ಕೆ ಹೊಂದುವ ಮೋಡ್ ಇರುವ ಚಾರ್ಜರ್ ಬೇಕು. ಮೈನಸ್ ಕಂಬದ ಮೇಲೆ ಸಣ್ಣ ಸೆನ್ಸರ್ ಕೂತಿದ್ದರೆ ಚಾರ್ಜರಿನ ಕಪ್ಪು ಕ್ಲಿಪ್ಪನ್ನು ಕಂಬಕ್ಕೆ ಹಾಕದೆ ಬಾಡಿಯ ಲೋಹಕ್ಕೆ ಹಾಕಬೇಕು. ಆಗಲೇ ಎಷ್ಟು ಚಾರ್ಜ್ ಒಳಗೆ ಹೋಯಿತು ಅನ್ನುವುದು ಕಾರಿಗೆ ತಿಳಿಯುವುದು.

ಇನ್ನು, ಜೇಬಿನಲ್ಲಿದ್ದರೇ ಬಾಗಿಲು ತೆರೆಯುವ ಕೀ ಇರುವವರು ಅದನ್ನು ಕಾರಿನ ಪಕ್ಕದ ಗೋಡೆಯ ಮೊಳೆಗೆ ನೇತು ಹಾಕಬೇಡಿ. ಕೆಲವು ಕಾರುಗಳು ಕೀ ಹತ್ತಿರದಲ್ಲಿದೆ ಅಂತ ಎಚ್ಚರವಾಗೇ ಇರುತ್ತವೆ. ನಮ್ಮ ಮನೆಯಲ್ಲಿ ಕೀ ಈಗ ದೇವರ ಕೋಣೆಯ ಗೂಡಿನಲ್ಲಿದೆ, ಮನೆಯಾಕೆಗೆ ಅದೊಂದು ತಕರಾರು.

ಮಸ್ಕತ್‌ನಿಂದ ಕುಂದಾಪುರಕ್ಕೆ

ನಂದು ಇನ್ನೂ ಕಷ್ಟದ ಕೇಸು. ನಾನು ಮಸ್ಕತ್‌ನಲ್ಲಿ, ಕಾರು ಕುಂದಾಪುರದ ಮನೆಯಲ್ಲಿ. ವರ್ಷಕ್ಕೊಮ್ಮೆ ರಜೆಗೆ ಬಂದಾಗ ಓಡಿಸುವುದು. ಮನೆಯಲ್ಲಿ ಅಮ್ಮ ಒಬ್ಬರೇ. ಹೋಗುವ ದಿನ ಮೈನಸ್ ಬಿಚ್ಚಿಟ್ಟೇ ಹೋಗುತ್ತೇನೆ, ಆದರೂ ವಾಪಸ್ ಬಂದಾಗ ಬ್ಯಾಟರಿ ಸತ್ತಿರುತ್ತದೆ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಬೇರೆ. ಬಿಚ್ಚಿಟ್ಟರೂ ಯಾಕೆ ಹೀಗೆ?

ಪಿ.ಬಿ. ರೋಡ್ ಬ್ಯಾಟರಿ

ಬಿಚ್ಚಿಟ್ಟರೆ ಕಾರು ತಿನ್ನುವುದು ನಿಲ್ಲುತ್ತದೆ ಅಣ್ಣಾ, ಬ್ಯಾಟರಿ ತನ್ನಷ್ಟಕ್ಕೆ ತಾನು ಸೋರುವುದು ನಿಲ್ಲುವುದಿಲ್ಲ. ತಿಂಗಳಿಗೆ ನೂರರಲ್ಲಿ ಮೂರರಿಂದ ಐದು ಭಾಗ ಹೋಗುತ್ತದೆ. ಸೆಖೆಯಲ್ಲಿ ಇನ್ನೂ ಜಾಸ್ತಿ, ನಿಮ್ಮ ಕರಾವಳಿಯ ಏಪ್ರಿಲ್ ಮೇ ಗೊತ್ತಲ್ಲ. ಬಿಚ್ಚಿಡುವುದು ಎರಡು ಮೂರು ತಿಂಗಳಿಗೆ ಸರಿ. ವರ್ಷಕ್ಕೆ ಆಗದು.

ನಿಮಗೆ ನನ್ನ ಸಲಹೆ ಚಾರ್ಜರ್ ಅಲ್ಲ, ನೆಂಟರು. ಹತ್ತಿರದಲ್ಲಿ ನಂಬಿಕೆಯ ಅಳಿಯನೋ ಭಾವನೋ ಇದ್ದರೆ ಕೀ ಕೊಡಿ. ಹದಿನೈದು ದಿನಕ್ಕೊಮ್ಮೆ ಹೈವೇಯಲ್ಲಿ ಉಡುಪಿಗೆ ಹೋಗಿ ಬರಲಿ, ಅಮ್ಮನನ್ನೂ ಕೂರಿಸಿಕೊಂಡು ಹೋಗಲಿ. ಇನ್ಶೂರೆನ್ಸು, ಎಮಿಷನ್ ಸರ್ಟಿಫಿಕೇಟು ಚಾಲ್ತಿಯಲ್ಲಿ ಇಡಿ. ಅಂಥವರು ಯಾರೂ ಇಲ್ಲ ಅಂದರೆ ಹೋಗುವ ಮುಂಚೆ ಬ್ಯಾಟರಿ ಪೂರ್ತಿ ಬಿಚ್ಚಿ, ಫುಲ್ ಚಾರ್ಜ್ ಮಾಡಿಸಿ, ಪರಿಚಯದ ಬ್ಯಾಟರಿ ಅಂಗಡಿಯಲ್ಲೇ ಇಟ್ಟು ಹೋಗಿ. ಎರಡು ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಪ್ಪಾ ಅಂತ ಅಡ್ವಾನ್ಸ್ ಕೊಟ್ಟರೆ ಬಹಳ ಅಂಗಡಿಯವರು ಒಪ್ಪುತ್ತಾರೆ. ನಾವೂ ಒಂದೆರಡು ಇಟ್ಟುಕೊಂಡಿದ್ದೇವೆ, ಹೆಸರು ಬರೆದ ಟೇಪ್ ಅಂಟಿಸಿ.

ಆ ಪುಡಿಗೆ ಬಿಸಿನೀರಿನಲ್ಲಿ ಅಡುಗೆ ಸೋಡಾ ಕಲಸಿ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ. ಸೋಡಾ ನೀರು ಸೆಲ್ಲಿನ ಮುಚ್ಚಳದೊಳಗೆ ಮಾತ್ರ ಇಳಿಯಬಾರದು. ಒಣಗಿಸಿ ಕೇಬಲ್ ಟೈಟ್ ಮಾಡಿ, ಆಮೇಲೆ ಮೇಲೆ ವ್ಯಾಸಲಿನ್ ಸವರಿ. ಬಿಚ್ಚುವ ಮುಚ್ಚಳ ಇರುವ ಬ್ಯಾಟರಿ ಆದರೆ ನೀರು ನೋಡಿ, ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ನಿಮ್ಮ ಕಡೆ ಬಾವಿ ನೀರು ಸಿಹಿ ಇರಬಹುದು, ಬ್ಯಾಟರಿಗೆ ಅದು ಬೇಡ.

ಇನ್ನೊಂದು ವಿಷಯ, ಬ್ಯಾಟರಿದಲ್ಲ. ಮಳೆಗಾಲದಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಸಮ ಜಾಗದಲ್ಲಿ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು.

ಹೊಸರೋಡ್ ಸುಮಾ

ಕ್ಯಾಮೆರಾದ ಹಳದಿ ವೈರ್ ತೆಗೆಸಿದೆ. ಎಲೆಕ್ಟ್ರಿಷಿಯನ್ ಹುಡುಗನ ಹತ್ತಿರವೇ ಕರೆಂಟೂ ಅಳೆಸಿದೆ. ಮೊದಲು 0.28 ಇತ್ತು, ತೆಗೆದ ಮೇಲೆ 0.02ಕ್ಕೆ ಬಂದು ನಿಂತಿತು. ಬ್ಯಾಟರಿ ಸ್ಲೋ ಚಾರ್ಜಿಗೆ ಕೊಟ್ಟಿದ್ದೇನೆ, ಬೇರೆ ಅಂಗಡಿಯಲ್ಲಿ.

ಇನ್ನು ಮುಂದೆ ಭಾನುವಾರ ಅತ್ತಿಬೆಲೆ ಸವಾರಿ ಪ್ರಯತ್ನ ಮಾಡುತ್ತೇನೆ. ಪ್ರತಿ ಸಲ ಆಗುವುದಿಲ್ಲ ಅಂತ ಈಗಲೇ ಗೊತ್ತು. ಆಗದಿದ್ದಾಗ ಮೈನಸ್ ಬಿಚ್ಚುವುದೇ ದಾರಿ. ನಾನೇ ಬಿಚ್ಚಬಹುದಾ? ಶಾಕ್ ಹೊಡೆಯುತ್ತದಾ? ಪ್ರತಿ ಸಲ ಏನೇನು ಮತ್ತೆ ಸೆಟ್ ಮಾಡಬೇಕು?

ಪಿ.ಬಿ. ರೋಡ್ ಬ್ಯಾಟರಿ

0.02 ಬಂದಿದೆ ಅಂದರೆ ಗಾಡಿ ಆರೋಗ್ಯವಾಗಿದೆ. ಬ್ಯಾಟರಿ ಗಟ್ಟಿ ಇದ್ದರೆ ಇನ್ನು ಎರಡು ವಾರ ಮೂರು ವಾರ ನಿಂತರೂ ಬಿಚ್ಚಬೇಕಾಗಿಲ್ಲ. ಅದಕ್ಕಿಂತ ಜಾಸ್ತಿ ನಿಲ್ಲುತ್ತದೆ ಅಂದಾಗ ಬಿಚ್ಚಿ.

ಧಾರಾಳವಾಗಿ ನೀವೇ ಬಿಚ್ಚಬಹುದು. 12 ವೋಲ್ಟ್ ಮನುಷ್ಯರಿಗೆ ಶಾಕ್ ಹೊಡೆಯುವುದಿಲ್ಲ. ಭಯ ಇರುವುದು ಕಿಡಿಗೆ. 10 ನಂಬರ್ ಸ್ಪ್ಯಾನರ್ ತಗೊಳ್ಳಿ. ಕೈಯಲ್ಲಿ ಬಳೆ, ಉಂಗುರ ಇದ್ದರೆ ತೆಗೆದಿಡಿ. ಕೀ ಆಫ್ ಮಾಡಿ ಒಂದೆರಡು ನಿಮಿಷ ಬಿಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಕೆಂಡ ಹಾರುತ್ತದೆ, ಮೈನಸ್ ಬಿಚ್ಚುವಾಗ ತಾಗಿದರೆ ಏನೂ ಆಗದು. ಅದಕ್ಕೇ ಈ ಕ್ರಮ. ನಿಮಗೆ ಬಿಚ್ಚಬೇಕಾಗಿರುವುದು ಮೈನಸ್ ಒಂದೇ, ಪ್ಲಸ್ ಮುಟ್ಟಲೇಬೇಡಿ. ಬೋಲ್ಟ್ ಪೂರ್ತಿ ಕಳಚಬೇಕಿಲ್ಲ, ಸಡಿಲ ಮಾಡಿ ಕೇಬಲ್ಲನ್ನು ಅಲ್ಲಾಡಿಸುತ್ತಾ ಮೇಲೆತ್ತಿ. ಒಂದು ಒಣ ಬಟ್ಟೆ ಸುತ್ತಿ ಪಕ್ಕಕ್ಕೆ ಒತ್ತಿಡಿ, ತಾನೇ ವಾಪಸ್ ಹೋಗಿ ಕಂಬಕ್ಕೆ ತಾಗಬಾರದು.

ಕಂಪ್ಯೂಟರಿಗೆ ಏನೂ ಆಗುವುದಿಲ್ಲ. ಗಡಿಯಾರ, ಟ್ರಿಪ್ ಮೀಟರ್ ಸೊನ್ನೆ ಆಗಬಹುದು. ರೇಡಿಯೋ ಸ್ಟೇಷನ್ ಮತ್ತೆ ಹುಡುಕಬೇಕಾಗಬಹುದು. ಹಾಕಿದ ಮೇಲೆ ಮೊದಲ ಸಲ ಐಡಲ್ ಸ್ವಲ್ಪ ಏರಿಳಿತ ಆದರೆ ಹೆದರಬೇಡಿ, ಓಡಿಸುತ್ತಾ ಸರಿಯಾಗುತ್ತದೆ. ರಿಮೋಟ್ ಕೆಲಸ ಮಾಡುವುದಿಲ್ಲ, ಡ್ರೈವರ್ ಬಾಗಿಲಿಗೆ ಕೀಯಲ್ಲೇ ಬೀಗ ಹಾಕಬೇಕು. ಎಲ್ಲ ಬಾಗಿಲೂ ಲಾಕ್ ಆಗಿದೆಯಾ ಅಂತ ಸುತ್ತ ಒಮ್ಮೆ ಎಳೆದು ನೋಡಿ. ಡಿಕ್ಕಿ ಸ್ವಿಚ್ಚಿನಲ್ಲಿ ತೆರೆಯುವ ಕಾರುಗಳವರು ಸ್ಪ್ಯಾನರನ್ನು ಡಿಕ್ಕಿಯೊಳಗೆ ಮಾತ್ರ ಇಡಬೇಡಿ.

ಲಾರಿಯವರು ಬ್ಯಾಟರಿಗೆ ಕಟ್ ಆಫ್ ಸ್ವಿಚ್ ಹಾಕಿಸಿರುತ್ತಾರೆ, ತಿರುಗಿಸಿದರೆ ಲೈನ್ ಕಟ್. ಕಾರಿಗೂ ಮೈನಸ್ ಕಂಬದ ಮೇಲೆ ಕೂರುವ ಸಣ್ಣದು ಸಿಗುತ್ತದೆ. ಹಾಕಿಸುವುದಾದರೆ ಗಟ್ಟಿ ಹಿತ್ತಾಳೆಯದು ನೋಡಿ ಹಾಕಿಸಿ. ಅಗ್ಗದ್ದು ಸಡಿಲವಾಗಿ, ಸೆಲ್ಫ್ ಹೊಡೆದಾಗ ಕಾಯುತ್ತದೆ.

ಜಂಪರ್ ಕೇಬಲ್ ಒಂದು ಜೊತೆ ಡಿಕ್ಕಿಯಲ್ಲಿ ಇಟ್ಟಿರಿ. ಕೆಂಪು ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆಯದರ ಪ್ಲಸ್‌ಗೆ. ಕಪ್ಪು ಒಳ್ಳೆಯದರ ಮೈನಸ್‌ಗೆ. ಕಪ್ಪಿನ ಕೊನೆ ತುದಿ ಸತ್ತ ಬ್ಯಾಟರಿಗೆ ಬೇಡ, ಎಂಜಿನ್ನಿನ ಯಾವುದಾದರೂ ಬಣ್ಣ ಇಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಬ್ಯಾಟರಿ ಹತ್ತಿರ ಹೈಡ್ರೋಜನ್ ಇರುತ್ತದೆ, ಕೊನೆಯ ಕ್ಲಿಪ್ಪಿನಲ್ಲೇ ಕಿಡಿ ಬರುವುದು.

ಕೋಟೇಶ್ವರದ ಡ್ರೈವರ್

ಬ್ಯಾಟರಿ ಅಣ್ಣಾ, 800 ವಿಷಯ ಒಪ್ಪಿದೆ, ಅಪ್ಪನಿಗೆ ಮಾತ್ರ ನಾನು ಹೇಳಲ್ಲ. ಇನ್ನೊಂದು ಡೌಟು. ಗಾಜಿಗೆ ಅಂಟಿಸಿದ ಫಾಸ್ಟ್‌ಟ್ಯಾಗ್ ಕೂಡ ಕರೆಂಟ್ ತಿನ್ನುತ್ತದಾ?

ಪಿ.ಬಿ. ರೋಡ್ ಬ್ಯಾಟರಿ

ಇಲ್ಲ ತಮ್ಮಾ. ಅದಕ್ಕೂ ಕಾರಿನ ವೈರಿಗೂ ಸಂಬಂಧವೇ ಇಲ್ಲ, ಅದರೊಳಗೆ ಬ್ಯಾಟರಿಯೂ ಇಲ್ಲ. ಟೋಲ್ ಗೇಟಿನ ಮೇಲಿರುವ ರೀಡರ್ ಕಳಿಸುವ ಅಲೆಯಿಂದಲೇ ಅದರ ಚಿಪ್ ಕೆಲಸ ಮಾಡುತ್ತದೆ. ಕಾರು ವರ್ಷ ನಿಂತರೂ ಅದಕ್ಕೇನೂ ಆಗದು. ಕೆವೈಸಿ ಮಾತ್ರ ನೋಡಿಕೊಳ್ಳಿ.